ತೊಟ್ಟಿಕ್ಕುವ ಸಾಕ್ಷಿ

ಕಬ್ಬಿಣದ ರಾಡು ನನ್ನ ಕಿವಿಯ ಪಕ್ಕದಲ್ಲೇ ಕಾರಿನ ಗಾಜನ್ನು ಪುಡಿಮಾಡಿದಾಗ ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ.

ಟೈಮು ಹೇಗೆ ನೆನಪಿದೆ ಅಂತ ಕೇಳುತ್ತೀರಾ? ಹನ್ನೊಂದಕ್ಕೆ ಸರಿಯಾಗಿ ನಾನು ವಿಚಾರಣೆಯ ಆಫೀಸಿನಲ್ಲಿರಬೇಕಿತ್ತು. ಒಬ್ಬನೇ ಅಲ್ಲ... ಪಕ್ಕದ ಸೀಟಿನಲ್ಲಿದ್ದ ಹೆಂಗಸನ್ನು ಜೀವಸಹಿತ ಕರೆದುಕೊಂಡು!

ಆಕೆ ಮೆಕ್ಯಾನಿಕ್. ವಯಸ್ಸು ಐವತ್ತರ ಆಸುಪಾಸು. ಇಪ್ಪತ್ತೆರಡು ವರ್ಷ ಒಂದೇ ಟ್ರಾನ್ಸ್‌ಪೋರ್ಟ್ ಕಂಪನಿಯ ಗ್ಯಾರೇಜಿನಲ್ಲಿ ಗಾಡಿಗಳ ಹೊಟ್ಟೆಯಡಿ ಮಲಗಿ ಕೆಲಸ ಮಾಡಿದವಳು. ಅಲ್ಲಿ ಎಲ್ಲರಿಗೂ ಆಕೆ ಬರೀ ‘ಅಕ್ಕ’. ನಾಲ್ಕು ತಿಂಗಳ ಹಿಂದೆ ಆ ಕಂಪನಿಯ ಪಿಕಪ್ ಒಂದು ನಡುರಸ್ತೆಯಲ್ಲಿ ಹೊತ್ತಿ ಉರಿದಿತ್ತು. ಡ್ರೈವರ್ ಹೊರಗೆ ಬರಲಿಲ್ಲ.

ಡ್ರೈವರ್ ಅಕ್ಕನ ಒಡಹುಟ್ಟಿದ ತಮ್ಮ.

ಅವನು ಸಿಗರೇಟು ಸೇದುತ್ತಿದ್ದ ಅಂತ ಕಂಪನಿಯ ಯಜಮಾನ ಬರೆದುಕೊಟ್ಟ. ಪೆಟ್ರೋಲ್ ಪೈಪಿನ ಕನೆಕ್ಟರ್ ಸೋರುತ್ತಿತ್ತು ಅಂತ ಅಕ್ಕ ಬರೆದುಕೊಟ್ಟಳು. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ತುಂಡು ಅದು. ಟ್ಯಾಂಕಿನಿಂದ ಬರುವ ರಬ್ಬರ್ ಪೈಪನ್ನು ಇಂಜಿನ್ನಿಗೆ ಹೋಗುವ ಸ್ಟೀಲ್ ಪೈಪಿಗೆ ಕಚ್ಚಿಸಿ ಹಿಡಿಯುವುದಷ್ಟೇ ಅದರ ಕೆಲಸ. ಯಜಮಾನ ತನ್ನ ಅಷ್ಟೂ ಗಾಡಿಗಳಿಗೆ ಅದರ ಕಳಪೆ ಮಾಲು ಹಾಕಿಸಿದ್ದ.

ನಾನು ಹಳೇ ಪೊಲೀಸು. ಈಗ ಕರೆದವರ ಕಡೆ ಪತ್ತೇದಾರಿ ಮಾಡುತ್ತೇನೆ. ಈ ಸಲ ಕರೆದದ್ದು ಆ ಗಾಡಿಯ ಇನ್ಶೂರೆನ್ಸ್ ಕಂಪನಿ. ಅವರಿಗೆ ಸತ್ಯದ ಮೇಲೆ ಅಂಥ ಮೋಹವೇನಿಲ್ಲ. ಆದರೆ ಸತ್ಯ ತಮ್ಮ ಪರವಾಗಿದ್ದರೆ ಬೇಡ ಅನ್ನುವವರೂ ಅಲ್ಲ.

ನನ್ನ ಅಂಗಿಯ ಜೇಬಿನಲ್ಲಿ ಒಂದು ಸೀಲು ಹಾಕಿದ ಕವರು. ಅದರೊಳಗೆ ಎರಡು ಕನೆಕ್ಟರ್. ಒಂದು, ಸುಟ್ಟ ಗಾಡಿಯಿಂದ ಕಿತ್ತ, ಒಂದು ಬದಿ ಕರಗಿದರೂ ಅಚ್ಚೂ ಬಿರುಕೂ ಉಳಿದ ಕಳಪೆ ಮಾಲು. ಇನ್ನೊಂದು, ಹೋಲಿಸಿ ನೋಡಲು ಅಕ್ಕ ತನ್ನ ಡಬ್ಬಿಯಿಂದ ತೆಗೆದುಕೊಟ್ಟ ಅಸಲಿ.

ಅಷ್ಟೇ ನಮ್ಮ ಸಾಕ್ಷಿ. ಅಷ್ಟಕ್ಕೇ ಯಜಮಾನನ ಕಡೆಯವರು ಬೆನ್ನು ಬಿದ್ದಿದ್ದರು!

ಊರಾಚೆಯ ಗೋದಾಮುಗಳ ಸಾಲು ದಾಟುತ್ತಿದ್ದಂತೆ ಬಿಳಿ ಪಿಕಪ್ ಕನ್ನಡಿಯಲ್ಲಿ ಕಂಡಿತ್ತು. ನಾನು ತಿರುಗಿದಲ್ಲೆಲ್ಲ ತಿರುಗಿತು. ಸಿಮೆಂಟ್ ಲಾರಿಗಳ ನಡುವೆ ನುಸುಳಿದೆ, ಅದೂ ನುಸುಳಿತು. ಮೋರಿಯ ತಿರುವಿನಲ್ಲಿ ಹಿಂದಿನಿಂದ ಒಂದೇ ಗುದ್ದು... ನನ್ನ ಕಾರು ಮೂತಿಯನ್ನು ಮೋರಿಯ ಕಟ್ಟೆಗೆ ಕೊಟ್ಟು ನಿಂತಿತು. ರೇಡಿಯೇಟರ್ ಹೊಟ್ಟೆ ಒಡೆದು ಬುಸುಗುಟ್ಟಿತು.

ಪಿಕಪ್ಪಿನಿಂದ ಇಬ್ಬರು ಇಳಿದರು. ಡ್ರೈವರನಿಗೆ ಕುತ್ತಿಗೆಯೇ ಇರಲಿಲ್ಲ. ಅವನನ್ನು ಗೂಳಿ ಅನ್ನೋಣ. ರಾಡು ಹಿಡಿದವನು ಸಣಕಲ. ಅವನು ಕಡ್ಡಿ.

ಕಡ್ಡಿ ಗಾಜು ಒಡೆದ. ಆಮೇಲೆ ಮರ್ಯಾದೆಯಿಂದಲೇ ಮಾತಾಡಿದ. ಅಕ್ಕನಿಗೆ ಮೈ ಸರಿಯಿಲ್ಲವಂತೆ, ಹಾಗಂತ ಒಂದು ಚೀಟಿ ಬರೆದುಕೊಟ್ಟರೆ ಮನೆಗೆ ಬಿಟ್ಟು ಬರುತ್ತಾರಂತೆ. ಇಲ್ಲದಿದ್ದರೆ ಮೈ ಸರಿಯಿಲ್ಲದಂತೆ ಮಾಡುವುದೂ ಅವರಿಗೆ ಗೊತ್ತಂತೆ.

ನನ್ನ ಪಿಸ್ತೂಲು ಇಲಾಖೆಗೆ ವಾಪಸಾಗಿ ಆರು ವರ್ಷ. ಕೈಯಲ್ಲಿದ್ದದ್ದು ಒಂದು ಬಾಲ್‌ಪೆನ್. ಚೀಟಿ ಬರೆಯಲು ಅದು ಧಾರಾಳ ಸಾಕಿತ್ತು.

ಕಡ್ಡಿ ಗೆದ್ದವನಂತೆ ಒಂದು ಸಿಗರೇಟು ಬಾಯಿಗಿಟ್ಟ. ಲೈಟರ್ ತೆಗೆದ.

ಅಕ್ಕ ಬಾಗಿಲು ತೆರೆದು ಇಳಿದಳು. ನೇರ ಅವನೆದುರು ಹೋದಳು. ಕೆನ್ನೆಗೆ ಒಂದು ಬಿಟ್ಟಳು!

ಸಿಗರೇಟು ಒಂದು ಕಡೆ, ಲೈಟರ್ ಇನ್ನೊಂದು ಕಡೆ ಹಾರಿ ಬಿದ್ದವು. ರಾಡು ಹಿಡಿದವನು ರಾಡು ಹಿಡಿದಿದ್ದೇನೆಂಬುದನ್ನೇ ಮರೆತ.

“ಇಂಜಿನ್ ಆಫ್ ಮಾಡು,” ಅಂದಳು ಗೂಳಿಗೆ.

ಯಾರೂ ಅಲುಗಾಡಲಿಲ್ಲ. ಅವಳೇ ಹೋಗಿ ಕೀ ತಿರುಗಿಸಿದಳು. ಆಗ ನನ್ನ ಮೂಗಿಗೂ ಬಡಿಯಿತು. ಪೆಟ್ರೋಲ್. ಪಿಕಪ್ಪಿನ ಅಡಿಯಲ್ಲಿ ಒದ್ದೆ ಕಲೆ ತಟ್ಟೆಯಗಲ ಹರಡಿತ್ತು... ಇನ್ನೂ ಹರಡುತ್ತಿತ್ತು.

ಮೊದಲು ಗಾಡಿಯನ್ನು ಆ ಒದ್ದೆಯಿಂದ ದೂರ ತಳ್ಳಬೇಕು ಅಂದಳು. ತಳ್ಳಿದೆವು. ಗೂಳಿ ಒಂದು ಕಡೆ, ನಾನು ಒಂದು ಕಡೆ, ನಡುವೆ ರಾಡು ಕಂಕುಳಲ್ಲಿ ಸಿಕ್ಕಿಸಿಕೊಂಡ ಕಡ್ಡಿ. ಎರಡು ನಿಮಿಷದ ಹಿಂದೆ ನನ್ನ ತಲೆ ಒಡೆಯಲು ಬಂದವನು ಈಗ ‘ಸ್ವಲ್ಪ ಎಡಕ್ಕೆ ಸಾರ್’ ಅನ್ನುತ್ತಿದ್ದ.

ಬ್ಯಾಟರಿಯ ವಯರು ಬಿಚ್ಚಿದಳು. ಸೈಲೆನ್ಸರ್ ಆರುವವರೆಗೆ ಯಾರೂ ಒಳಗೆ ಕೈ ಹಾಕಕೂಡದು ಅಂದಳು. ಹತ್ತು ನಿಮಿಷ ರಸ್ತೆಬದಿಯಲ್ಲಿ ನಾಲ್ವರೂ ಸಾಲಾಗಿ ಕೂತೆವು. ಬೆದರಿಕೆ ಹಾಕಲು ಅದು ಒಳ್ಳೆಯ ಸಮಯವೇ. ಆದರೆ ಕಡ್ಡಿಯ ಕೆನ್ನೆ ಇನ್ನೂ ಕೆಂಪಗಿತ್ತು.

ಆಮೇಲೆ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿಯಡಿ ಜಾರಿದಳು. ಗೂಳಿಯನ್ನೂ ಕರೆದಳು.

“ಬಾ. ನೀನು ಓಡಿಸೋ ಗಾಡಿ, ನೀನೇ ನೋಡು.”

ಗೂಳಿ ಮಲಗಿ ನೋಡಿದ. ನಾನೂ ಬಗ್ಗಿದೆ. ಕನೆಕ್ಟರಿನ ಮೈಯಲ್ಲಿ ಕೂದಲೆಳೆಯಂಥ ಬಿರುಕು. ಅದರ ಬಾಯಿಂದ ತೊಟ್ಟು ತೊಟ್ಟಾಗಿ ಪೆಟ್ರೋಲ್. ಕೆಳಗೆ ನಾಲ್ಕು ಬೆರಳು ದೂರದಲ್ಲಿ ಸೈಲೆನ್ಸರಿನ ಪೈಪು.

ಹಾಗಾದರೆ ಸಿಗರೇಟಿನ ಕಥೆ ಏನು ಅಂತ ಗೂಳಿ ಕೇಳಿದ. ಆ ಡ್ರೈವರ್ ಸೇದುತ್ತಿದ್ದ ಅಂತ ಯಜಮಾನರು ಹೇಳಿದರಲ್ಲ ಅಂದ. ಅಕ್ಕ ಬಟ್ಟೆ ಸುತ್ತಿ ಕನೆಕ್ಟರಿನ ಪಕ್ಕದ ಕಿವಿಗಳನ್ನು ಒತ್ತಿ ಬಿಚ್ಚಿದಳು. ಒಳಗಿದ್ದ ಒತ್ತಡಕ್ಕೆ ಪೆಟ್ರೋಲ್ ಚಿಮ್ಮಿ ಬಟ್ಟೆ ತೊಯ್ದಿತು, ಮೊಣಕೈವರೆಗೆ ಹರಿಯಿತು.

“ನನ್ನ ತಮ್ಮನ ಗಾಡಿಗೆ ಇದನ್ನ ಹಾಕಿದ್ದು ಇದೇ ಕೈ,” ಅಂದಳು. “ಬೇಡ ಅಂದೆ. ಹಾಕು ಅಂದ್ರು. ಹಾಕಿದೆ.”

ಮೂರು ವಾರ ನಾನು ಆಕೆಯ ಹಿಂದೆ ಮುಂದೆ ಓಡಾಡಿದ್ದೆ. ಈ ಮಾತು ಆಕೆ ಬಾಯಿಬಿಟ್ಟಿರಲಿಲ್ಲ. ವಿಚಾರಣೆಯಲ್ಲಿ ಇದನ್ನು ಹೇಳಿದರೆ ನಿಮ್ಮ ಕೊರಳಿಗೂ ಬರುತ್ತದೆ ಅಂದೆ. ಗಾಡಿಯಡಿಯಿಂದ ಒಂದೇ ಮಾತು ಬಂತು.

“ಬರಲಿ ಬಿಡಿ.”

ಗೂಳಿ ಹೊರಗೆ ಬಂದು ಮೋರಿಯ ಕಟ್ಟೆಯ ಮೇಲೆ ಕೂತ. ಅಷ್ಟು ದೊಡ್ಡ ದೇಹ ಒಮ್ಮೆಲೇ ಚಿಕ್ಕದಾದಂತಿತ್ತು.

“ಬೆಳಿಗ್ಗೆ ಮಗಳನ್ನ ಇದರಲ್ಲೇ ಸ್ಕೂಲಿಗೆ ಬಿಟ್ಟು ಬಂದೆ ಸಾರ್,” ಅಂದ. “ದಿನಾ ಬಿಡ್ತೀನಿ.”

ಆಗ ಅಕ್ಕನ ಕೈ ಗಾಡಿಯಡಿಯಿಂದ ಹೊರಗೆ ಚಾಚಿತು. ನನ್ನ ಕಡೆಗೆ! ಜೇಬಿನ ಕವರು ಕೊಡಿ ಅಂದಳು.

ನಾನು ಜೇಬಿನ ಮೇಲೆ ಕೈ ಒತ್ತಿಕೊಂಡೆ. ಸೀಲು ಹಾಕಿದ್ದು, ಸಾಕ್ಷಿ, ಒಡೆದರೆ ಯಜಮಾನನ ವಕೀಲ ನಮ್ಮನ್ನು ಹರಿದು ಹಾಕುತ್ತಾನೆ... ಹೇಳುವುದನ್ನೆಲ್ಲ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

“ನಿಮ್ಮ ಕಾರು ಹೋಯ್ತು. ಇದು ಓಡಿದ್ರೆ ನಾವು ಅಲ್ಲಿರ್ತೀವಿ. ಕೆಟ್ಟಿರೋದು ನಿಮ್ಮ ಹತ್ರನೇ ಇರಲಿ. ಒಳ್ಳೇದು ಕೊಡಿ.”

ಕೊಟ್ಟೆ. ಇಲಾಖೆಯಲ್ಲಿ ಇಷ್ಟು ಬೇಗ ಯಾರ ಮಾತನ್ನೂ ಕೇಳಿದವನಲ್ಲ.

ರಬ್ಬರ್ ಪೈಪಿನ ತುದಿಯನ್ನು ಚಾಕುವಿನಿಂದ ನೇರ ಕತ್ತರಿಸಿದಳು. ಅಸಲಿ ಕನೆಕ್ಟರನ್ನು ಅದರೊಳಗೆ ತೂರಿಸಿ, ಹಳೇ ಕ್ಲಿಪ್ಪನ್ನೇ ಬಿಗಿದಳು. ಸ್ಟೀಲ್ ಪೈಪಿನ ತುದಿ ಒರೆಸಿ ಒಂದೇ ಒತ್ತು ಒತ್ತಿದಳು. ‘ಟಿಕ್’ ಅಂತು. ಎಳೆದು ನೋಡಿದಳು. ಬರಲಿಲ್ಲ. ಬ್ಯಾಟರಿ ಜೋಡಿಸಿ, ಪೈಪಿಗೆ ಪೆಟ್ರೋಲ್ ನುಗ್ಗಲೆಂದು ಸ್ಟಾರ್ಟ್ ಮಾಡದೆ ಎರಡು ಸಲ ಕೀ ತಿರುಗಿಸಲು ಗೂಳಿಗೆ ಹೇಳಿ, ತಾನು ಮತ್ತೆ ಬಗ್ಗಿ ನೋಡಿದಳು.

ಒಂದು ತೊಟ್ಟೂ ಇಲ್ಲ.

ಹತ್ತು ಮೂವತ್ತೈದು.

ಕಡ್ಡಿಗೆ ಆಗ ತನ್ನ ಕೆಲಸ ನೆನಪಾಯಿತು. ಯಜಮಾನರಿಗೆ ಫೋನ್ ಮಾಡುತ್ತೇನೆ ಅಂದ. ಗೂಳಿ ಅವನ ಫೋನು ಇಸಿದುಕೊಂಡು ತನ್ನ ಜೇಬಿಗಿಳಿಸಿದ. ನನ್ನ ಕಾರಿನ ಕಾವಲಿಗೆ ಒಬ್ಬರು ಬೇಕಲ್ಲ ಅಂತ ಅವನನ್ನು ಅಲ್ಲೇ ಬಿಟ್ಟೆವು. ರಾಡು ಹೇಗೂ ಕೈಯಲ್ಲೇ ಇತ್ತು.

ಗೂಳಿ ಓಡಿಸಿದ ಪರಿಗೆ ನಾನು ಬಾಗಿಲು ಹಿಡಿದವನು ಬಿಡಲಿಲ್ಲ. ಅರ್ಧ ದಾರಿಯಲ್ಲಿ ಯಜಮಾನನ ಫೋನು ಬಂತು. ಕೆಲಸ ಆಯಿತಾ ಅಂತ.

“ಆಯ್ತು ಯಜಮಾನ್ರೇ,” ಅಂದ ಗೂಳಿ. “ಇಬ್ಬರನ್ನೂ ಗಾಡಿಲಿ ಕೂರಿಸ್ಕೊಂಡಿದೀನಿ.”

ಸುಳ್ಳು ಒಂದಕ್ಷರವೂ ಇರಲಿಲ್ಲ.

ವಿಚಾರಣೆಯ ಆಫೀಸಿನ ಗೇಟಿನಲ್ಲಿ ಯಜಮಾನನ ಇನ್ನಿಬ್ಬರು ನಿಂತಿದ್ದರು. ಅವರ ಕಣ್ಣು ನನ್ನ ನೀಲಿ ಕಾರನ್ನು ಹುಡುಕುತ್ತಿತ್ತು. ನಾನೂ ಅಕ್ಕನೂ ಸೀಟಿನ ಕೆಳಗೆ ಕುಸಿದೆವು. ತಮ್ಮ ಕಂಪನಿಯದೇ ಪಿಕಪ್ ಕಂಡು ಒಬ್ಬ ಗೂಳಿಗೆ ಕೈ ಬೀಸಿದ. ಇನ್ನೊಬ್ಬ ಓಡಿ ಹೋಗಿ ಗೇಟು ತೆರೆದುಕೊಟ್ಟ!

ಹತ್ತು ಐವತ್ತೆಂಟು.

ಒಳಗೆ ಉದ್ದದ ಮೇಜು. ಒಂದು ತುದಿಯಲ್ಲಿ ಅಧಿಕಾರಿ, ಕನ್ನಡಕದ ಹೆಂಗಸು. ಇನ್ನೊಂದು ತುದಿಯಲ್ಲಿ ಯಜಮಾನ ಮತ್ತು ವಕೀಲ. ಸಾಕ್ಷಿ ಹೇಳುವವರು ಬರುವ ಲಕ್ಷಣವಿಲ್ಲ, ಕಂಪನಿಯ ಎಲ್ಲಾ ಗಾಡಿಗಳಲ್ಲಿ ಅಸಲಿ ಮಾಲೇ ಇದೆ, ಹೀಗೆ ವಕೀಲ ಹೇಳುತ್ತಿರುವಾಗ ನಾವು ಒಳಗೆ ಕಾಲಿಟ್ಟೆವು.

ಅಕ್ಕನ ಸೀರೆಯಿಂದ ಪೆಟ್ರೋಲ್ ವಾಸನೆ ಕೋಣೆಯೆಲ್ಲ ತುಂಬಿತು. ಕಿತ್ತು ತಂದ ಕನೆಕ್ಟರನ್ನು ಬಟ್ಟೆಯ ಸಮೇತ ಮೇಜಿನ ಮೇಲಿಟ್ಟಳು. ಅದರ ಪಕ್ಕ ನಾನು ಸುಟ್ಟದ್ದನ್ನು ಇಟ್ಟೆ. ಎರಡರ ಮೇಲೂ ಒಂದೇ ಅಚ್ಚು, ಬಿರುಕೂ ಒಂದೇ ಜಾಗದಲ್ಲಿ.

ಅಕ್ಕ ಎಲ್ಲವನ್ನೂ ಹೇಳಿದಳು. ಯಾರ ಕೈ ಹಾಕಿತು ಅನ್ನುವುದನ್ನೂ. ಆ ಒಂದು ಕಡೆ ಅವಳ ದನಿ ಒಡೆಯಿತು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ನೀರಿನ ಲೋಟವನ್ನು ಆಕೆಯ ಕಡೆ ಸರಿಸಿದರು. ಅಕ್ಕ ಕುಡಿಯಲಿಲ್ಲ. ಮುಂದುವರಿಸಿದಳು.

ಒದ್ದೆಯಾಗಿರುವುದು ಯಾವ ಗಾಡಿಯದು ಅಂತ ಅಧಿಕಾರಿ ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಗೂಳಿ ಗಂಟಲು ಸರಿಮಾಡಿಕೊಂಡ. “ನಾನು ಓಡಿಸೋದು ಮೇಡಂ. ಕೆಳಗೆ ನಿಂತಿದೆ, ಬಂದು ನೋಡಿ.”

ಯಜಮಾನ ಅವನನ್ನು ನೋಡಿದ. ಆಮೇಲೆ ವಕೀಲನನ್ನು ನೋಡಿದ. ವಕೀಲ ಕಿಟಕಿ ನೋಡಿದ.

ಅಧಿಕಾರಿ ನನ್ನ ಕಡೆ ತಿರುಗಿದರು. ನನ್ನ ಅಂಗಿಯ ತುಂಬ ಗಾಜಿನ ಚೂರು. ದಾರಿಯಲ್ಲಿ ನಿಮ್ಮ ಕಾರಿಗೆ ಅಪಘಾತವಾದಂತಿದೆ, ಹಾಗಿದ್ದೂ ಇಷ್ಟು ಸರಿಯಾದ ಟೈಮಿಗೆ ಹೇಗೆ ಬಂದಿರಿ ಅಂತ ಕೇಳಿದರು.

ನಾನು ಯಜಮಾನನ ಕಡೆ ಕೈ ತೋರಿಸಿದೆ.

“ಅವರೇ ಗಾಡಿ ಕಳಿಸಿದ್ರು ಮೇಡಂ.”