ಕೊನೆಯ ಭೇಟಿಯಿಂದ ಎಣಿಕೆ

"ಸಹಿ ಹಾಕಲ್ಲ ಅಂದ್ರೆ ಹಾಕಲ್ಲ!"

ಕೃತಕ ಕಾಲು ಮಾಡಿಕೊಡುವ ಆಸ್ಪತ್ರೆಯ ದಾಖಲೆ ಕೋಣೆ ಅವಳದು. ಕೀಲಿಗೊಂಚಲು ಸದಾ ಕೈಯಲ್ಲಿರುತ್ತಿದ್ದುದರಿಂದ ಎಲ್ಲರಿಗೂ ಅವಳು 'ಬೀಗದ ಮೇಡಂ'. ಎದುರು ನಿಂತವನು ಹಳೇ ಕಂಪ್ಯೂಟರಿನ ದಾಖಲೆಗಳನ್ನು ಹೊಸದಕ್ಕೆ ಸಾಗಿಸಲು ಎರಡು ವಾರಕ್ಕೆಂದು ಬಂದ ಎಂಜಿನಿಯರ್.

"ಹತ್ತು ವರ್ಷ ದಾಟಿದ ಫೈಲ್ ಅಳಿಸ್ಬೇಕು, ರೂಲ್ ಇದೆ. ನನ್ನ ಸಹಿ ಆಯ್ತು. ನಿಮ್ಮದೊಂದು ಬಿದ್ರೆ ಮುಗೀತು."

"ಮುಗಿಯೋದು ನಿಮ್ಮ ಕೆಲಸ. ಕಾಲು ಹೋಗೋದು ರೋಗಿಗಳದು. ಪಟ್ಟಿ ಓದದೆ ಸಹಿ ಹಾಕೋಳಲ್ಲ ನಾನು."

ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಛೆ, ಅದನ್ನೆಲ್ಲ ನೋಡು ಅಂತ ಯಾರು ಹೇಳಿದರು ಎಂದು ಅವಳು ತನ್ನನ್ನೇ ಗದರಿಕೊಂಡಳು.

ಪಟ್ಟಿಯಲ್ಲಿ ನಾನೂರ ಹನ್ನೆರಡು ಹೆಸರು. ಮೂರನೆಯದಕ್ಕೇ ಅವಳ ಬೆರಳು ನಿಂತಿತು. ಟೈಲರ್ ತಾತ! ಹೋದ ತಿಂಗಳಷ್ಟೇ ಬಂದು ಕಾಲು ಸರಿಮಾಡಿಸಿಕೊಂಡು ಹೋಗಿದ್ದರು. ಅವರ ಫೈಲ್ ತೆರೆದು ಹದಿನಾಲ್ಕು ವರ್ಷವಾಗಿತ್ತು, ನಿಜ. ಆದರೆ ಅಳತೆ ಅಳಿಸಿಹೋದರೆ, ಆ ಕಾಲು ಮುರಿದ ದಿನ ಎಲ್ಲ ಮೊದಲಿಂದ ಶುರು. ಹೊಲಿಗೆ ಬಿಟ್ಟು ಮೂರು ತಿಂಗಳು ಮೂಲೆ ಹಿಡಿಯಬೇಕು.

ಮರುದಿನ ಪಟ್ಟಿಯನ್ನು ಅವನ ಮುಂದೆ ಕುಕ್ಕಿದಳು. "ಫೈಲ್ ತೆರೆದ ದಿನದಿಂದ ಎಣಿಸಿದ್ದೀರಿ. ಕೊನೇ ಸಲ ಬಂದ ದಿನದಿಂದ ಎಣಿಸ್ಬೇಕು. ರೂಲ್‌ನ ಕೆಳಗಡೆ ಸಾಲು ಓದಿ."

ಅವನು ಕನ್ನಡಕಕ್ಕಾಗಿ ಮೇಜು, ಜೇಬು, ಚೀಲ ತಡಕಾಡಿದ.

"ತಲೆ ಮೇಲಿದೆ."

ಓದಿದ. ಮುಖ ಬಿಳಿಚಿತು. "ತಪ್ಪು ನಂದೇ," ಎಂದ, ಒಂದು ನೆಪವನ್ನೂ ಹೇಳದೆ. ಅವಳ ಸಿಟ್ಟು ಅಲ್ಲೇ ಕರಗಿತು.

"ಮುಂದಿನ ಶುಕ್ರವಾರ ಹಳೇ ಮೆಷಿನ್ ಹೊತ್ಕೊಂಡು ಹೋಗ್ತಾರೆ. ಕೊನೇ ಭೇಟಿ ತಾರೀಖು ಇದರಲ್ಲಿಲ್ವಲ್ಲ!" ಎಂದು ಅವನು ಹಳೇ ಕಂಪ್ಯೂಟರ್ ತೋರಿಸಿದ.

"ನನ್ನ ರಿಜಿಸ್ಟರಲ್ಲಿದೆ. ನಾನು ಓದ್ತೀನಿ, ನೀವು ಟೈಪ್ ಮಾಡಿ."

"ನಾನೂರ ಹನ್ನೆರಡೂನಾ?"

"ಹನಿ ಹನಿ ಕೂಡಿದ್ರೆ ಹಳ್ಳ. ಕೂತ್ಕೊಳ್ಳಿ."

ಕೂತರು. ದಿನಾ ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ಓದುವುದು, ಅವನು ಟೈಪ್ ಮಾಡುವುದು. ಒಂದೊಂದು ಹೆಸರಿಗೂ ಅವಳ ಬಳಿ ಒಂದು ಕಥೆ. ಅವನು ಬೇಕೆಂದೇ "ಇನ್ನೊಂದ್ಸಲ ಹೇಳಿ" ಎನ್ನುತ್ತಿದ್ದ. ಅವಳಿಗೆ ಗೊತ್ತಾಗುತ್ತಿತ್ತು. ಆದರೂ ಹೇಳುತ್ತಿದ್ದಳು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಮುನ್ನೂರ ಎಪ್ಪತ್ತೊಂದು ಫೈಲ್ ಅಳಿಸುವ ಪಟ್ಟಿಯಿಂದ ಪಾರಾದವು. ಹತ್ತು ವರ್ಷದಿಂದ ಯಾರೂ ಬಾರದೆ ನಿಂತುಹೋಗಿದ್ದ ನಲವತ್ತೊಂದರ ಹೆಸರನ್ನು ಒಂದೊಂದಾಗಿ ಓದಿ, ಅವಳು ಸಹಿ ಹಾಕಿದಳು. ಹೊಸ ಕಂಪ್ಯೂಟರಿನಲ್ಲಿ ಟೈಲರ್ ತಾತನ ಎಡಗಾಲಿನ ಅಳತೆ ಕೂದಲೆಳೆಯಷ್ಟೂ ತಪ್ಪದೆ ತೆರೆದುಕೊಂಡಿತು.

"ಸರಿ, ಹೊರಡ್ತೀನಿ," ಎಂದು ಅವನು ಚೀಲ ಹೆಗಲಿಗೇರಿಸಿದ. ಹೆಜ್ಜೆ ಮಾತ್ರ ಏಳಲಿಲ್ಲ.

ಈಗ ಬಾಯಿ ಬಿಡದಿದ್ದರೆ ಇನ್ನು ಯಾವಾಗ? ಅವಳು ಕೀಲಿಗೊಂಚಲನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಿಲ್ಲಿ. ನೀವಂದ್ರೆ ನಂಗಿಷ್ಟ. ಇದನ್ನ ಹೇಳದೆ ನಿಮ್ಮನ್ನ ಕಳಿಸಲ್ಲ."

ತಲೆಯ ಮೇಲಿದ್ದ ಕನ್ನಡಕ ಜಾರಿ ಅವನ ಮೂಗಿಗೆ ಬಂತು. "ಅಯ್ಯೋ, ಮೂರು ದಿನದಿಂದ ನಾನು ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡ್ತಿದ್ದೆ ಕಣ್ರೀ!" ಎಂದವನು ಮೆಲ್ಲಗೆ ಕೇಳಿದ: "ಆದ್ರೆ... ನಮ್ಮ ಪರಿಚಯ ಎರಡೇ ವಾರದ್ದು. ಅಷ್ಟು ಸಾಕಾ?"

"ನೋಡಿ, ಮತ್ತೆ ಮೊದಲ ದಿನದಿಂದಲೇ ಎಣಿಸ್ತಿದ್ದೀರಿ!" ಗದರಿದಳು; ಕಣ್ಣು ತುಂಬಿತ್ತು. "ಭಾನುವಾರ ಮನೆಗೆ ಬನ್ನಿ. ನನ್ನ ಸಾಕಿದ ಚಿಕ್ಕಮ್ಮನಿಗೆ ಹೇಳಿರ್ತೀನಿ."

"ಆಮೇಲೆ?"

"ಆಮೇಲೂ ಬರ್ತಾ ಇರಿ. ಬರ್ತಾ ಇರೋವರೆಗೂ ಅಳಿಸೋ ಹಾಗಿಲ್ಲ, ರೂಲ್ ಇದೆ."

ಅವನು ಚೀಲವನ್ನು ಕೆಳಗಿಟ್ಟ.