ಎಂಟನೇ ಕುರ್ಚಿಗೆ ಧನ್ಯವಾದ

"ಎಂಟನೇ ಕುರ್ಚಿಯವರಿಗೆ ನಮ್ಮ ಕಡೆಯಿಂದ ಧನ್ಯವಾದ. ಅವರನ್ನು ಕಳಿಸಿಕೊಡಬಹುದು."

ಇಷ್ಟು ಹೇಳಿ ವಕೀಲೆ ಕೈಸಾ ರೌಟಿಯೋ ಕೂತಳು.

ಮಿನ್ನೆಸೋಟದ ಆ ಪುಟ್ಟ ನ್ಯಾಯಾಲಯದಲ್ಲಿ ಧನ್ಯವಾದ ಅಂದರೆ ಹೊರಗೆ ನಡಿ ಅಂತ ಅರ್ಥ. ತೀರ್ಪು ಹೇಳಲು ಊರಿನ ಹನ್ನೆರಡು ಜನರನ್ನು, ಅಂದರೆ ಜ್ಯೂರಿಯನ್ನು, ಆರಿಸುವಾಗ, ಎರಡೂ ಕಡೆಯ ವಕೀಲರು ತಮಗೆ ಬೇಡದ ಕೆಲವರನ್ನು ಹೀಗೆ ಕಳಿಸಬಹುದು. ಯಾಕೆ ಬೇಡ ಅಂತ ಹೇಳಬೇಕಾಗಿಲ್ಲ.

ಎಂಟನೇ ಕುರ್ಚಿಯ ಮನುಷ್ಯ ನಿಧಾನವಾಗಿ ಎದ್ದ. ಹೆಸರು ನೆಡ್ ವುಕೆಲಿಚ್. ಸರೋವರದ ದಂಡೆಯಲ್ಲಿ ದೋಣಿ ಇಂಜಿನ್ ರಿಪೇರಿ ಮಾಡುವವನು. ಎಷ್ಟು ತೊಳೆದರೂ ಹೋಗದ ಗ್ರೀಸು ಉಗುರಿನ ಸಂದಿಯಲ್ಲಿತ್ತು.

ಅರ್ಧ ಗಂಟೆ ಮುಂಚೆ ಅವಳೇ ಅವನನ್ನು ಕೇಳಿದ್ದಳು, ರಸ್ತೆ ಅಪಘಾತದಲ್ಲಿ ಯಾರನ್ನಾದರೂ ಕಳೆದುಕೊಂಡಿದ್ದೀರಾ ಅಂತ.

"ನನ್ನ ತಮ್ಮನಿಗೆ ಲಾರಿ ಹೊಡೀತು. ಆರು ವರ್ಷ ಆಯ್ತು. ಆದರೆ ಆ ಲಾರಿ ಓಡಿಸ್ತಿದ್ದವರು ನಿಮ್ಮ ಕಕ್ಷಿದಾರರಲ್ಲವಲ್ಲ, ಮೇಡಂ. ನಾನು ನ್ಯಾಯವಾಗೇ ಕೇಳಿಸ್ಕೋತೀನಿ."

ಆ ದನಿ! ಆ ಕಣ್ಣು! ಕೈಸಾಗೆ ಮುಂದಿನ ಪ್ರಶ್ನೆಯೇ ಮರೆತುಹೋಯಿತು. ಕೈಯಲ್ಲಿದ್ದ ಕಾಗದ ಜಾರಿ ಬಿತ್ತು. ಎಂಟು ವರ್ಷದ ವಕೀಲಿಕೆಯಲ್ಲಿ ಹೀಗೆ ಎಂದೂ ಆಗಿರಲಿಲ್ಲ.

ಈಗ ಅವನು ಅವಳ ಮೇಜಿನ ಪಕ್ಕದಲ್ಲೇ ಹಾದುಹೋದ. ಒಮ್ಮೆ ಮಾತ್ರ ನೋಡಿದ. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮುಖದಲ್ಲಿ ಇದ್ದದ್ದು ನೋವು.

'ತಮ್ಮನ ವಿಷಯಕ್ಕೇ ಕಳಿಸಿದೆ ಅಂದುಕೊಂಡ... ಅಯ್ಯೋ, ಏನು ಮಾಡಿಬಿಟ್ಟೆ ನಾನು...'

ಆದರೆ ಕೊರಗಲು ಹೊತ್ತಿರಲಿಲ್ಲ. ಪಕ್ಕದಲ್ಲಿ ಅವಳ ಕಕ್ಷಿದಾರ ವೆರ್ನ್ ಹಕಾಲಾ ಕೂತಿದ್ದ. ಅರವತ್ಮೂರು ವರ್ಷದ ಬ್ರೆಡ್ ವ್ಯಾನಿನ ಡ್ರೈವರು. ಅವನ ವ್ಯಾನು ಸೈಕಲ್ಲಿನಲ್ಲಿ ಹೋಗುತ್ತಿದ್ದ ರೂತ್ ಪೆಲ್ ಎಂಬ ಹೆಂಗಸಿಗೆ ಹೊಡೆದು ಆಕೆಯ ಕಾಲು ಮುರಿದಿತ್ತು. ಹುಚ್ಚು ವೇಗದಲ್ಲಿ ಓಡಿಸಿದ ಅಂತ ಸರ್ಕಾರದ ಆರೋಪ. ಗೆದ್ದರೆ ಮನೆ, ಸೋತರೆ ಜೈಲು.

ಮಾರನೆಯ ದಿನ ಬೆಳಿಗ್ಗೆ ಕೈಸಾ ಹಿಂತಿರುಗಿ ನೋಡಿದರೆ, ಸಾರ್ವಜನಿಕರ ಸಾಲಿನ ಮೂರನೇ ಬೆಂಚಿನಲ್ಲಿ ನೆಡ್!

ಮರುದಿನವೂ ಬಂದ. ಅದರ ಮರುದಿನವೂ. ನಾನು ಸೋಲುವುದನ್ನು ನೋಡಲು ಬರುತ್ತಾನೆ ಅಂತ ಅವಳು ತೀರ್ಮಾನಿಸಿಬಿಟ್ಟಳು.

ಸೋಲು ಹತ್ತಿರವೇ ಇತ್ತು. ಜೋರಾಗಿ ಓಡಿಸಲಿಲ್ಲ ಅಂತ ವೆರ್ನ್ ಹೇಳಿದ್ದು ನಿಜ. ಆದರೆ ಅಪಘಾತದ ದಿನ ಪೊಲೀಸರಿಗೆ, ನನ್ನ ಕಣ್ಣು ರಸ್ತೆಯ ಮೇಲೇ ಇತ್ತು ಅಂತ ಸುಳ್ಳು ಹೇಳಿದ್ದ. ಹಿಂದೆ ಬ್ರೆಡ್ಡಿನ ತಟ್ಟೆ ಜಾರಿತ್ತು, ಅವನು ಕ್ಷಣಕಾಲ ತಿರುಗಿ ನೋಡಿದ್ದ. ಆ ಸುಳ್ಳು ಕೈಸಾಗೆ ಬಿಸಿತುಪ್ಪವಾಗಿತ್ತು, ನುಂಗಲೂ ಆಗದು, ಉಗುಳಲೂ ಆಗದು.

ಸರ್ಕಾರಿ ವಕೀಲೆ ಡೆಲ್ಫೀನ್ ಆರ್ ಅದನ್ನೇ ಹಿಡಿದು ವೆರ್ನ್‌ನನ್ನು ಅರ್ಧ ಗಂಟೆ ಜಾಲಾಡಿದಳು. ಅವನು ತೊದಲಿದ, ಬೆವರಿದ, ನೇರ ಉತ್ತರ ಕೊಡಲಿಲ್ಲ. ಕೈಸಾ ಮೂರು ಸಲ ಎದ್ದು ಆಕ್ಷೇಪಿಸಿದಳು. ಮೂರನ್ನೂ ನ್ಯಾಯಾಧೀಶರು ತಳ್ಳಿಹಾಕಿದರು. ಒಂದೊಂದು ಸಲವೂ ಮೊದಲ ಸಾಲಿನ ಜ್ಯೂರರ್, ಶಾಲೆಯಲ್ಲಿ ಅಡುಗೆ ಮಾಡುವ ಹಿರಿಯಾಕೆ, ತುಟಿ ಬಿಗಿದು ಕೈ ಕಟ್ಟಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೈಸಾಳ ಆಕ್ಷೇಪಣೆಯೇ ತಪ್ಪೊಪ್ಪಿಗೆಯಂತೆ ಕಾಣುತ್ತಿತ್ತು.

ಮಧ್ಯಾಹ್ನ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ಮಾಂಸದ ಕಡುಬು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು. ಒಂದು ನೆರಳು ಬಂದು ನಿಂತಿತು.

"ಇಲ್ಲಿ ಕೂತ್ಕೋಬಹುದಾ? ಇಲ್ಲಿಂದಲೂ ಧನ್ಯವಾದ ಹೇಳಿ ಕಳಿಸ್ತೀರಾ?"

ನೆಡ್! ಜ್ಯೂರಿಯವರ ಜೊತೆ ವಕೀಲರು ನಮಸ್ಕಾರವನ್ನೂ ಹೇಳುವಂತಿಲ್ಲ... ಆದರೆ ಇವನು ಈಗ ಜ್ಯೂರಿಯಲ್ಲವಲ್ಲ. ಅವಳೇ ಕಳಿಸಿದ್ದಳಲ್ಲ.

"ದಿನಾ ಯಾಕೆ ಬರ್ತೀರಾ?" ಕೇಳಿಯೇಬಿಟ್ಟಳು.

"ನಿಮಗೆ ನನ್ನ ಮೇಲೆ ನಂಬಿಕೆ ಬರ್ಲಿಲ್ಲ. ನನಗೂ ಒಂದು ಅನುಮಾನ ಶುರುವಾಯ್ತು. ತಮ್ಮ ಹೋದ ಮೇಲೆ ನಾನು ಸೊಟ್ಟಗಾಗಿದ್ದೀನಾ ಅಂತ. ನೋಡ್ಕೊಳ್ಳೋಣ ಅಂತ ಬಂದೆ."

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಏನನ್ನಿಸ್ತು?"

"ಆತ ಜೋರಾಗಿ ಓಡಿಸಿಲ್ಲ. ಕೋರ್ಟಲ್ಲಿ ತೋರಿಸಿದ ಟೈರಿನ ಗುರುತೇ ಹೇಳುತ್ತೆ, ಅಷ್ಟು ಗಿಡ್ಡ ಇದೆ. ಆತ ಸುಳ್ಳು ಹೇಳಿದ್ದಕ್ಕೆ ಕೋಪ ಬಂತು. ಅದಕ್ಕಿಂತ ಜಾಸ್ತಿ ನಿಮ್ಮ ಮೇಲೆ ಬಂತು. ಆ ಸುಳ್ಳು ಬಂದಾಗೆಲ್ಲ ಕಾಗದದಲ್ಲಿ ಮುಖ ಮುಚ್ಕೋತೀರಾ." ಅವನು ಕುರ್ಚಿ ಹಿಂದಕ್ಕೆ ಸರಿಸಿದ. "ನನ್ನ ತಮ್ಮನಿಗೆ ಹೊಡೆದವನು ಒಂದೇ ಒಂದು ಸಲ, ಹೌದು ನಾನು ನೋಡ್ಲಿಲ್ಲ ಅಂದಿದ್ರೆ... ನಮ್ಮಮ್ಮ ಒಂದಿಷ್ಟು ನಿದ್ದೆ ಮಾಡ್ತಿದ್ಲು."

ಅಷ್ಟು ಹೇಳಿ ಎದ್ದುಹೋದ. ನಿಜವಾದ ಕಾರಣ ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ವೆರ್ನ್‌ನ ಹಣೆಬರಹ ಇನ್ನೂ ತೂಗಾಡುತ್ತಿರುವಾಗ ತನ್ನ ಎದೆಯ ಮಾತಿಗೆ ಜಾಗವೆಲ್ಲಿ?

ಸಂಜೆ ಅವಳು ವೆರ್ನ್‌ನನ್ನು ಕೂರಿಸಿಕೊಂಡು, ಆ ಸುಳ್ಳನ್ನು ನಾನೇ ಜ್ಯೂರಿಯ ಮುಂದೆ ಒಪ್ಪಿಕೊಳ್ಳಲೇ ಅಂತ ಅನುಮತಿ ಕೇಳಿದಳು.

"ಹೇಳಿಬಿಡಮ್ಮ," ಅಂದ ಮುದುಕ. "ಹೊತ್ತು ಹೊತ್ತು ಸಾಕಾಗಿದೆ."

ಕೊನೆಯ ವಾದದ ದಿನ ಕೈಸಾ ಕಾಗದವನ್ನು ಮೇಜಿನ ಮೇಲೇ ಬಿಟ್ಟು ಎದ್ದಳು. ಅಡುಗೆಯ ಹಿರಿಯಾಕೆಯ ಎದುರಿಗೆ ಹೋಗಿ ನಿಂತಳು.

"ವೆರ್ನ್ ಹಕಾಲಾ ಸುಳ್ಳು ಹೇಳಿದರು," ಅಂದಳು.

ಸರ್ಕಾರಿ ವಕೀಲೆಯ ಪೆನ್ನು ನಿಂತಿತು.

"ರಸ್ತೆ ಬಿಟ್ಟು ತಟ್ಟೆ ಕಡೆ ನೋಡಿದ್ರು. ರೂತ್ ಪೆಲ್ ಕೆಳಗೆ ಬಿದ್ದಿದ್ದಾಗ ಇವರು ಹೆದರಿ, ನೋಡ್ತಾನೇ ಇದ್ದೆ ಅಂದ್ರು. ಅದು ತಪ್ಪು. ನಾನೂ ಈ ವಾರವೆಲ್ಲ ಅದನ್ನ ನಿಮ್ಮಿಂದ ಮರೆಮಾಡೋಕೆ ನೋಡಿದೆ. ಅದು ನನ್ನ ತಪ್ಪು. ಹೆದರಿದ ಮನುಷ್ಯ ಸುಳ್ಳು ಹೇಳಬಹುದು, ಟೈರಿನ ಗುರುತು ಸುಳ್ಳು ಹೇಳೋದಿಲ್ಲ. ಅದನ್ನೊಂದು ಸಲ ನೋಡಿ."

ಒಂದೊಂದು ಮುಖವನ್ನೂ ನೋಡಿ ಮಾತಾಡಿದಳು. ಹಿರಿಯಾಕೆ ಕಟ್ಟಿದ್ದ ಕೈ ಬಿಚ್ಚಿ ಮುಂದಕ್ಕೆ ಬಾಗಿದಳು. ಆಮೇಲೆ ಡೆಲ್ಫೀನ್ ಆರ್ ಎದ್ದಾಗ ಬಯಲು ಮಾಡಲು ಅವಳಿಗೆ ಏನೂ ಉಳಿದಿರಲಿಲ್ಲ.

ನಾಲ್ಕು ಗಂಟೆ ಕಾದ ಮೇಲೆ ತೀರ್ಪು ಬಂತು. ಅಪರಾಧಿಯಲ್ಲ!

ವೆರ್ನ್ ಕೈಸಾಳನ್ನು ತಬ್ಬಿಕೊಳ್ಳಲಿಲ್ಲ. ಊರುಗೋಲು ಹಿಡಿದು ಕೂತಿದ್ದ ರೂತ್ ಪೆಲ್ ಹತ್ತಿರ ನೆಟ್ಟಗೆ ಹೋಗಿ, "ನಾನು ನೋಡ್ಲಿಲ್ಲಮ್ಮ," ಅಂದ. ಆಕೆ ಅವನ ಮುಖ ನೋಡಿ, ಸರಿ ಎಂಬಂತೆ ತಲೆಯಾಡಿಸಿದಳು.

ಕೈಸಾ ಕಣ್ಣೊರೆಸಿಕೊಂಡು ಹಿಂತಿರುಗಿದಳು. ಮೂರನೇ ಬೆಂಚು ಖಾಲಿ!

ಮೆಟ್ಟಿಲಿಳಿದು ಓಡಿದಳು. ಅವನು ತನ್ನ ಹಳೇ ಟ್ರಕ್ಕಿನ ಬಾಗಿಲು ತೆಗೆಯುತ್ತಿದ್ದ.

"ನೆಡ್... ನಿಮ್ಮನ್ನ ಯಾಕೆ ಕಳಿಸಿದೆ ಅಂತ ಹೇಳ್ಬೇಕು."

"ಹೇಳ್ಬೇಕಾಗಿಲ್ಲ ಅಂತ ಕಾನೂನಿದೆಯಲ್ಲ."

"ಕಾನೂನಿಗೆ ಬೇಡ. ನನಗೆ ಬೇಕು." ಉಸಿರು ಎಳೆದುಕೊಂಡಳು. "ಆ ಕೋಣೇಲಿ ನಿಮ್ಮಷ್ಟು ಯಾರನ್ನೂ ನಾನು ನಂಬಿರ್ಲಿಲ್ಲ. ಆದರೆ ನೀವು ಮಾತಾಡಿದ ಮೇಲೆ ಉಳಿದ ಹನ್ನೊಂದು ಮುಖ ನನಗೆ ಕಾಣಿಸ್ಲೇ ಇಲ್ಲ. ನೀವು ಅಲ್ಲೇ ಇದ್ದಿದ್ರೆ ವಾರವೆಲ್ಲ ನಿಮ್ಮೊಬ್ಬರ ಹತ್ರಾನೇ ಮಾತಾಡ್ತಿದ್ದೆ. ಅದು ವೆರ್ನ್‌ಗೆ ದ್ರೋಹ."

ಅವನ ಕಿವಿ ಕೆಂಪಾಯಿತು.

"ಅಂದ್ರೆ... ತಮ್ಮನ ವಿಷಯಕ್ಕಲ್ಲ?"

"ಅಲ್ಲವೇ ಅಲ್ಲ."

ಅವನು ಮುಖ ಆಚೆ ತಿರುಗಿಸಿ ಬೆರಳಿನಿಂದ ಕಣ್ಣೊರೆಸಿಕೊಂಡ. ಕೆನ್ನೆಯ ಮೇಲೆ ಗ್ರೀಸಿನ ಕಪ್ಪು ಗೆರೆ ಮೂಡಿತು. ಕೈಸಾ ಹತ್ತಿರ ಹೋಗಿ ತನ್ನ ಅಂಗಿಯ ತೋಳಿನ ತುದಿಯಿಂದ ಅದನ್ನು ಒರೆಸಿದಳು. ಅವನು ಆ ಕೈಯನ್ನು ಹಾಗೇ ಹಿಡಿದುಕೊಂಡ.

"ಈಗ ನನ್ನೊಬ್ಬನ ಹತ್ರಾನೇ ಮಾತಾಡಿದ್ರೆ ಯಾರಿಗಾದ್ರೂ ದ್ರೋಹ ಆಗುತ್ತಾ?"

"ಯಾರಿಗೂ ಇಲ್ಲ."

"ಹಾಗಾದ್ರೆ ಹತ್ತಿ," ಅಂದ ನೆಡ್, ಸೀಟಿನ ಮೇಲಿದ್ದ ಸ್ಪ್ಯಾನರುಗಳನ್ನು ಪಕ್ಕಕ್ಕೆ ಸರಿಸುತ್ತಾ. "ಮನೆಗೆ ಬಿಡ್ತೀನಿ. ದೂರದ ದಾರೀಲಿ ಹೋಗೋಣ."