ಕೇರಾಫ್ ಸುನಂದಾಬಾಯಿ

ಗಂಡಸು ಸುಳ್ಳು ಹೇಳುವಾಗ ಹೇಗಿರುತ್ತಾನೆ ಎಂದು ಅರ್ಪಿತಳನ್ನು ಕೇಳಬೇಕು. ಮೊದಲು ಕಣ್ಣು ತಗ್ಗಿಸುತ್ತಾನೆ, ಆಮೇಲೆ ಗಂಟಲು ಸರಿಮಾಡಿಕೊಳ್ಳುತ್ತಾನೆ, ಕೊನೆಗೆ ಕೇಳಿದ್ದೊಂದು ಹೇಳಿದ್ದೊಂದು ಮಾಡುತ್ತಾನೆ. ಪಾಂಡವಪುರದ ಬಸ್ ಸ್ಟ್ಯಾಂಡಿನ ಎದುರು ಅವಳು ಕೆಲಸ ಮಾಡುವ ಆನ್‌ಲೈನ್ ಸೆಂಟರಿನಲ್ಲಿ, ಅವಳ ಕಂಪ್ಯೂಟರಿನ ಮುಂದೆ ಕೂತಿದ್ದ ಹೊನ್ನಪ್ಪ ಈ ಎಲ್ಲವನ್ನೂ ಒಂದರ ಹಿಂದೊಂದು ಮಾಡಿ ತೋರಿಸುತ್ತಿದ್ದ.

"ನಿಮ್ಮ ಮಹಾರಾಷ್ಟ್ರದ ಲೈಸೆನ್ಸಲ್ಲಿ ಕೇರಾಫ್ ಸುನಂದಾಬಾಯಿ ಅಂತಿದೆಯಲ್ಲ, ಯಾರವರು?"

ಕಣ್ಣು ತಗ್ಗಿತು.

"ಅವ್ರು... ಅಲ್ಲಿಯವ್ರು."

"ಅಲ್ಲಿಯವರು ಅಂದ್ರೆ?"

ಗಂಟಲು ಸರಿಯಾಯಿತು. "ಲೈಸೆನ್ಸು ಯಾವಾಗ ಬತ್ತದೆ ಮೇಡಂ?"

ಬಂದೀತು, ಬಂದೀತು! ಮಹಾರಾಷ್ಟ್ರದಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿ ಊರಿಗೆ ವಾಪಸ್ಸಾದವನು. ಊರು ಕೆ.ಆರ್. ಪೇಟೆ ಪಕ್ಕದ ಹೊಸಹೊಳಲು, ಈಗಿನ ಕೆಲಸ ಹಾಲಿನ ವ್ಯಾನು. ಇದಿಷ್ಟೂ ಹಳೆಯ ಲೈಸೆನ್ಸು, ಆಧಾರ್ ಕಾರ್ಡು ಮತ್ತು ಹೊರಗೆ ನಿಲ್ಲಿಸಿದ ವ್ಯಾನು ಹೇಳಿದ್ದು. ಅವನ ಬಾಯಿಂದ ಬಂದದ್ದಲ್ಲ. ಯಾವ ಊರು ಎಂದರೆ "ಕೆ.ಆರ್. ಪೇಟೆ ಕಡೆ" ಎನ್ನುತ್ತಿದ್ದ. ಏನು ಕೆಲಸ ಎಂದರೆ "ಮಿಲ್ಕ್ ಬಿಸಿನೆಸ್ಸು". ಸ್ವಂತ ಊರಿನ ಹೆಸರು ಹೇಳಲು ಹೆದರುವವನು ಎಂಥವನಿರಬೇಕು?

ಲೈಸೆನ್ಸನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ತರುವುದೆಂದರೆ ಹಳೆಯ ಕಚೇರಿ ತನ್ನದೇನೂ ತಕರಾರಿಲ್ಲ ಎಂದು ಒಪ್ಪಬೇಕು, ಆಮೇಲೆಯೇ ಇಲ್ಲಿಯವರು ಹೊಸದು ಕೊಡುವುದು. ಗಂಡಸರಿಗೂ ಇಂಥದೊಂದು ಕಾಗದ ಕಡ್ಡಾಯ ಮಾಡಬೇಕಿತ್ತು ಎಂದು ಅರ್ಪಿತ ಎಷ್ಟೋ ಸಲ ಅಂದುಕೊಂಡಿದ್ದಳು. ಅವಳಿಗೂ ಒಮ್ಮೆ ಮದುವೆ ಗೊತ್ತಾಗಿತ್ತು. ಮಾತಿನ ಮಲ್ಲ ಅವನು. "ನನ್ನ ನಂಬು ಅರ್ಪಿತಾ" ಎನ್ನದೆ ಫೋನಿಡುತ್ತಿರಲಿಲ್ಲ. ಮನೆ ನೋಡಲು ಬರುತ್ತೇವೆ ಎಂದಾಗಲೆಲ್ಲ ಒಂದೊಂದು ನೆಪ. ಲಗ್ನಪತ್ರಿಕೆ ಅಚ್ಚಾದ ಮೇಲೆ ತಿಳಿಯಿತು, ಹೈದರಾಬಾದಿನಲ್ಲಿ ಅವನಿಗೆ ಹೆಂಡತಿಯೂ ಇದ್ದಳು, ಮಗುವೂ ಇತ್ತು. ಅಂದಿನಿಂದ ಇವಳಿಗೆ ಕಾಮಾಲೆ ಕಣ್ಣು, ಕಂಡದ್ದೆಲ್ಲ ಹಳದಿ.

ಹಾಗಿದ್ದ ಮೇಲೆ ಈ ಮನುಷ್ಯ ಸೆಂಟರಿನ ಮೆಟ್ಟಿಲು ಹತ್ತಿದರೆ ಕೈ ತಾನಾಗಿ ಕೂದಲು ಸರಿಮಾಡಿಕೊಳ್ಳುವುದೇಕೆ? ಅದಕ್ಕೇ ಅವಳಿಗೆ ತನ್ನ ಮೇಲೂ ಅನುಮಾನ ಶುರುವಾಗಿತ್ತು.

"ಮೊಬೈಲಿಗೆ ಮೆಸೇಜ್ ಬರುತ್ತೆ. ನೀವು ವಾರವಾರ ಬರಬೇಕಾಗಿಲ್ಲ" ಎಂದಳು ಒಂದು ದಿನ.

"ಸರಿ" ಎಂದ. ಮರುವಾರವೂ ಬಂದ. ಮೇಜಿನ ಮೇಲೆ ಮೂರು ಸೀಬೆಕಾಯಿ ಇಟ್ಟ.

"ಏನಿದು?"

"ತಿನ್ನಿ."

"ಯಾಕೆ ತಿನ್ನಬೇಕು?"

ಅವನು ಸೀಬೆಕಾಯಿಯ ಕಡೆ ನೋಡಿದ, ಅವಳ ಕಡೆ ನೋಡಿದ. ಕಿವಿಯ ತುದಿ ಕೆಂಪಾಯಿತು. ಏನನ್ನೋ ನುಂಗಿಕೊಂಡು, "ಚೆನ್ನಾಗವೆ" ಎಂದಷ್ಟೇ ಹೇಳಿ ಎದ್ದುಹೋದ. ಸೆಂಟರಿನ ಯಜಮಾನ ಸೋಮಯ್ಯ ಒಂದನ್ನು ಎತ್ತಿಕೊಂಡು ಕಚ್ಚುತ್ತಾ, "ಒಳ್ಳೆ ಉಡುಗ ಕನವ್ವ" ಎಂದ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅವಳು ಮನಸ್ಸಿನಲ್ಲೇ ಅಂದುಕೊಂಡಳು. ಉಳಿದೆರಡನ್ನು ಯಾರಿಗೂ ಕೊಡದೆ ಬ್ಯಾಗಿಗೆ ಹಾಕಿಕೊಂಡಳು.

ಮುಂದಿನ ಸಲ ನೇರವಾಗಿಯೇ ಕೇಳಿಬಿಟ್ಟಳು. "ಅಡ್ರೆಸ್ ಚೇಂಜ್ ಮಾಡಿಸ್ತಿದ್ದೀರಿ, ಸರಿ. ಹೆಂಡತಿ ಅಲ್ಲೇ ಇದ್ದಾರಾ?"

ಹೊನ್ನಪ್ಪನ ಬಾಯಿ ತೆರೆಯಿತು, ಮುಚ್ಚಿತು. ಇನ್ನೊಮ್ಮೆ ತೆರೆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಕತ್ತಿನ ಹಿಂದೆ ಕೈಯಾಡಿಸಿ, "ಬತ್ತೀನಿ ಮೇಡಂ" ಎಂದು ಮೆಟ್ಟಿಲಿಳಿದ.

ಇಲ್ಲ ಎನ್ನಲು ಎರಡೇ ಅಕ್ಷರ ಸಾಕಿತ್ತು. ಅದನ್ನೂ ಹೇಳಲಿಲ್ಲವಲ್ಲ!

ಮಧ್ಯಾಹ್ನ ಊಟದ ಡಬ್ಬಿ ತೊಳೆಯಲು ಸೆಂಟರಿನ ಹಿಂದಕ್ಕೆ ಹೋದಾಗ ಹಾಲಿನ ವ್ಯಾನು ಅಲ್ಲೇ ನೆರಳಿನಲ್ಲಿ ನಿಂತಿತ್ತು. ಕ್ಯಾಬಿನ್ನಿನಿಂದ ಅವನ ದನಿ.

"ಹೆಂಡತಿ... ನನಗೆ... ಹೆಂಡತಿ... ಹೆಂಡತಿ..."

ಆ ಮಾತನ್ನು ಅಷ್ಟು ಸ್ಪಷ್ಟವಾಗಿ, ಅಷ್ಟು ಜೋಪಾನವಾಗಿ ಗಂಡಸೊಬ್ಬ ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಾನೆ. ಅದೆಷ್ಟು ಪ್ರೀತಿಯೋ! ಡಬ್ಬಿ ತೊಳೆಯದೆ ಒಳಗೆ ಬಂದಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ತನ್ನನ್ನೇ ಬೈದುಕೊಂಡಳು. ಇವನು ತನಗೆ ಏನಾಗಬೇಕು? ಏನೂ ಆಗಬೇಕಾಗಿಲ್ಲ. ಹಾಗಾದರೆ ಎದೆ ಯಾಕೆ ಹೀಗೆ ಉರಿಯಬೇಕು?

ಅಷ್ಟರಲ್ಲಿ ಮಹಾರಾಷ್ಟ್ರದ ಒಪ್ಪಿಗೆ ಬಂತು. ಶುಕ್ರವಾರ ನಾಗಮಂಗಲದ ಆರ್‌ಟಿಒ ಕಚೇರಿಗೆ ಅಸಲು ಕಾಗದ ತಗೊಂಡು ಹೋಗಬೇಕು. ಅಲ್ಲಿ ಕೆಲಸ ಮುಗಿದರೆ ಅವನು ಮತ್ತೆ ಸೆಂಟರಿಗೆ ಬರಲು ಕಾರಣವಿಲ್ಲ. ಹೋಗಲಿ ಬಿಡು ಎಂದು ಸುಮ್ಮನಿರಲೂ ಆಗದೆ, ಅವನಿಗೆ ಮದುವೆಯಾಗಿದೆಯೋ ಇಲ್ಲವೋ ತಿಳಿಯದೆ ಇರಲೂ ಆಗದೆ, ಸೋಮಯ್ಯನಿಗೆ ಏನೋ ನೆಪ ಹೇಳಿ ಅರ್ಪಿತ ನಾಗಮಂಗಲದ ಬಸ್ಸು ಹತ್ತಿದಳು. ಒಬ್ಬರ ಸುಳ್ಳು ಹಿಡಿಯಲು ತಾನೂ ಒಂದು ಸುಳ್ಳು ಹೇಳಿದ್ದು ಅವಳ ಗಮನಕ್ಕೆ ಬರಲಿಲ್ಲ.

ಕೌಂಟರಿನ ಮುಂದೆ ಅವನ ಹಿಂದೆಯೇ ಹೋಗಿ ನಿಂತಳು. ತಿರುಗಿ ಅವಳನ್ನು ಕಂಡವನ ಮುಖದಲ್ಲಿ ಹಬ್ಬವೂ ಗಾಬರಿಯೂ ಒಟ್ಟಿಗೆ ಬಂದವು.

"ಹೆಸರೇನಪ್ಪ?" ಕನ್ನಡಕದ ಅಧಿಕಾರಿ ಕೇಳಿದರು.

"ಆಧಾರಲ್ಲೇ ಅದೆ ಸಾ."

"ಅದು ನನಗೂ ಕಾಣುತ್ತೆ. ನಿನ್ನ ಬಾಯಲ್ಲಿ ಹೇಳು."

ಅವನು ಹಿಂದೆ ಕಳ್ಳನೋಟ ಬೀರಿದ. ಬೆವರು ಒರೆಸಿಕೊಂಡ.

"ಊರಾದರೂ ಹೇಳು."

ಅವನು ಆಧಾರ್ ಕಾರ್ಡನ್ನು ಇನ್ನಷ್ಟು ಮುಂದಕ್ಕೆ ತಳ್ಳಿದ.

"ಏನಯ್ಯಾ, ಸ್ವಂತ ಹೆಸರು, ಊರು ಹೇಳೋಕೆ ಬರಲ್ಲ ಅಂದ್ರೆ ಈ ಲೈಸೆನ್ಸು ನಿಂದೇ ಅಂತ ನಾನು ಹೇಗೆ ನಂಬಲಿ? ರಿಜೆಕ್ಟ್ ಮಾಡ್ತೀನಿ, ನಡಿ ಆಚೆ."

ಅರ್ಪಿತ ಕತ್ತು ಚಾಚಿ ನೋಡಿದಳು. ಈಗ ಸಿಕ್ಕಿಬಿದ್ದ.

"ಒನ್ನಪ್ಪ ಸಾ!" ಅವನು ಕಟ್ಟೆಯೊಡೆದವನಂತೆ ಕೂಗಿದ. "ಒಸವೊಳ್ಲು! ನಮ್ಮಪ್ಪನ ಎಸ್ರು ಮರಿಯಯ್ಯ. ಆಲಿನ ಗಾಡಿ ಒಡೀತೀನಿ ಸಾ!"

"ಒಡೀಬೇಡಪ್ಪ, ನೆಟ್ಟಗೆ ಓಡಿಸು" ಎಂದರು ಅಧಿಕಾರಿ. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವನ ಕತ್ತು ಕೆಂಪಗೆ ಬಗ್ಗಿತು.

ಅರ್ಪಿತ ನಗಲಿಲ್ಲ. ಅವಳ ತಲೆಯಲ್ಲಿ ಕೆ.ಆರ್. ಪೇಟೆ ಕಡೆ, ಮಿಲ್ಕ್ ಬಿಸಿನೆಸ್ಸು, ಚೆನ್ನಾಗವೆ, ಎಲ್ಲ ಒಂದೊಂದಾಗಿ ಮೆರವಣಿಗೆ ಹೊರಟಿದ್ದವು. ಅಯ್ಯೋ ಶಿವನೇ! ಹಕಾರ ಬಾರದ ನಾಲಿಗೆಯನ್ನು ಅಡಗಿಸಲು ಈ ಮನುಷ್ಯ ಇಷ್ಟು ದಿನ ಹಕಾರದ ಮಾತುಗಳನ್ನೇ ದಾಟಿಕೊಂಡು ಓಡಾಡಿದ್ದಾನೆ.

ಹೊರಗೆ ಬಸ್ ಸ್ಟ್ಯಾಂಡಿಗೆ ಬಂದ ಮೇಲೆ ಅವನನ್ನು ತರಾಟೆಗೆ ತೆಗೆದುಕೊಂಡಳು. "ಅಲ್ಲ ಕಣ್ರೀ, ಇಷ್ಟಕ್ಕೆ ಮೂಗನ ಹಾಗೆ ಇದ್ರಾ? ಈ ಸೀಮೆಯಲ್ಲಿ ಅರ್ಧ ಜನ ಹೀಗೇ ಮಾತಾಡ್ತಾರೆ. ನಮ್ಮವ್ವನೂ ಹೀಗೇ!"

"ನೀವು ಅಂಗೆ ಮಾತಾಡಾಕಿಲ್ವಲ್ಲ."

"ನಮ್ಮಪ್ಪ ಕನ್ನಡ ಮೇಷ್ಟ್ರು. ಹ ಬಿಟ್ಟರೆ ಅನ್ನ ಹಾಕ್ತಿರಲಿಲ್ಲ."

"ಮೊದಲ್ನೇ ದಿನ ಬಂದಿದ್ನಲ್ಲ, ಲೈಸೆನ್ಸು ಅಳೇದ ಕೊಡ್ಬೇಕಾ ಮೇಡಂ ಅಂದೆ. ಅಳೋದ್ಯಾಕೆ, ನಗ್ತಾ ಕೊಡಿ ಅಂತ ನಕ್ಬುಟ್ರಿ. ಆ ನಗು ಬಾಳ ಚೆಂದಾಗಿತ್ತು. ಆದ್ರೆ ನನ್ ನೋಡಿ ನಕ್ಕಿದ್ದಲ್ವಾ? ಅದ್ಕೇ ಬಾಯ್ ಬುಡ್ನಿಲ್ಲ."

ಅವಳಿಗೆ ಆ ಮಾತು ಆಡಿದ್ದೇ ನೆನಪಿರಲಿಲ್ಲ. ನಾಚಿಕೆಯಾಯಿತು. ಆದರೂ ಕಾಮಾಲೆ ಒಂದೇ ಗುಟುಕಿಗೆ ಇಳಿಯುವ ರೋಗವಲ್ಲ.

"ಸುನಂದಾಬಾಯಿ?"

"ಓಟ್ಲು ಮಡಗಿದ್ದ ಅಜ್ಜಿ. ಅವ್ರ ಮಾಳ್ಗೆ ಮೇಲೆ ಬಾಡ್ಗೆಗಿದ್ದೆ. ಓಟ್ಲು ಅನ್ನಾಕೆ ಎದ್ರಿಕೆ ಆಯ್ತು."

"ವ್ಯಾನಲ್ಲಿ ಕೂತು ಹೆಂಡತಿ ಹೆಂಡತಿ ಅಂತಿದ್ರಲ್ಲ, ಅದು?"

ಹೊನ್ನಪ್ಪ ನೆಲ ನೋಡಿದ. "ಕೇಳುಸ್ಕಬುಟ್ರಾ? ನನಗೆ ಹೆಂಡತಿ ಇಲ್ಲ ಅಂತ ನಿಮ್ಗೆ ಯೋಳ್ಬೇಕಿತ್ತು. ಬರೀ ಇಲ್ಲ ಅಂದ್ರೆ ಅಲ್ಲಿಲ್ಲ, ಇಲ್ಲೇ ಅವ್ಳೆ ಅಂದ್ಕಂಡ್ರೆ? ಪೂರ್ತಿ ಯೋಳವ ಅಂತ ಕಲೀತಿದ್ದೆ. ಅದೊಂದು ಪದ ಬಾಯಿಗೆ ಕೂರಾಕೆ ಇಷ್ಟು ದಿನ ಇಡೀತು ನೋಡಿ." ಆಮೇಲೆ ತಲೆಯೆತ್ತಿ ಅವಳನ್ನೇ ನೋಡಿದ. ಈ ಸಲ ಕಣ್ಣು ತಗ್ಗಲಿಲ್ಲ. "ನಿಮ್ಮ ಕಂಡ್ರೆ ಇಷ್ಟ ನಂಗೆ. ಲೈಸೆನ್ಸು ಬರ್ದೇ ಓದ್ರೂ ಪರ್ವಾಗಿಲ್ಲ, ನಿಮ್ ಸೆಂಟ್ರಿಗೆ ಬತ್ತಾ ಇರಾನ ಅನ್ನಂಗಾಗಿತ್ತು."

ಇಂಥ ಮಾತು ಅವಳು ಹಿಂದೆಯೂ ಕೇಳಿದ್ದಳು, ಇದಕ್ಕಿಂತ ನಯವಾದ ನಾಲಿಗೆಯಿಂದ. ಲಗ್ನಪತ್ರಿಕೆಯ ಕಥೆಯನ್ನೆಲ್ಲ ಅಲ್ಲೇ ನಿಂತು ಅವನಿಗೆ ಹೇಳಿದಳು. "ನನಗೆ ಯಾರನ್ನೂ ನಂಬೋಕೆ ಆಗಲ್ಲ ಹೊನ್ನಪ್ಪ. ಇಷ್ಟ ಇದ್ದರೂ ಆಗಲ್ಲ."

ನನ್ನನ್ನು ನಂಬು ಎನ್ನುತ್ತಾನೆ ಎಂದು ಕಾದಳು. ಅಂದಿದ್ದರೆ ಅವಳು ಹೊರಟುಬಿಡುತ್ತಿದ್ದಳೇನೋ.

"ನಂಬಬ್ಯಾಡಿ" ಎಂದ ಹೊನ್ನಪ್ಪ. "ಬಂದು ನೋಡ್ಬುಡಿ. ಪ್ಯಾಟೆ ಬಸ್ಸು ಅಲ್ಲೇ ನಿಂತದೆ. ನಮ್ಮವ್ವನ್ನ ಕೇಳಿ, ಅಕ್ಕಪಕ್ಕದೋರ್ನ ಕೇಳಿ, ಕೊಟ್ಟಿಗೆ ಅಟ್ಟ ಎಲ್ಲ ನೋಡಿ. ಮನಸ್ಗೆ ಬರ್ನಿಲ್ವಾ, ನಾನೇ ವಾಪಸ್ ಬುಟ್ಟು ಬತ್ತೀನಿ."

ಕಂಡಕ್ಟರು ಪೇಟೆ, ಪೇಟೆ ಎಂದು ಕೂಗುತ್ತಿದ್ದ. ಅರ್ಪಿತ ಆ ಬಸ್ಸಿನ ಕಡೆ ನಾಲ್ಕು ಹೆಜ್ಜೆ ಹಾಕಿದಳು. ನಿಂತಳು. ಮನೆ ನೋಡಬೇಕೆಂದು ತಾನೇ ಅಂಗಲಾಚಿದ್ದ ದಿನಗಳು ನೆನಪಾದವು. ಇವನು ಕೇಳದೆಯೇ ಅಟ್ಟದವರೆಗೂ ಬಾಗಿಲು ತೆರೆದಿಟ್ಟಿದ್ದಾನೆ. ಎದೆಯಲ್ಲಿ ಬಹಳ ಕಾಲದಿಂದ ಬಿಗಿದಿದ್ದೇನೋ ಸಡಿಲವಾಯಿತು. ತಿರುಗಿ ಪಾಂಡವಪುರದ ಬಸ್ಸು ಹತ್ತಿಬಿಟ್ಟಳು.

ಹೊನ್ನಪ್ಪನ ಮುಖ ಬಾಡಿತು. "ಬರಾಕಿಲ್ವಾ?"

"ಇಲ್ಲ" ಎಂದಳು ಕಿಟಕಿಯಿಂದ ಬಗ್ಗಿ. "ನಾನ್ಯಾಕ್ರೀ ಬರಲಿ? ನೋಡೋಕೆ ಬರಬೇಕಾದವರು ನೀವು. ಭಾನುವಾರ ನಿಮ್ಮವ್ವನ್ನ ಕರ್ಕೊಂಡು ಶ್ರೀರಂಗಪಟ್ಟಣದ ನಮ್ಮ ಮನೆಗೆ ಬನ್ನಿ, ಹೆಣ್ಣು ನೋಡೋಕೆ."

ಬಸ್ಸು ಹೊರಟಿತು. ಅರ್ಥವಾಗಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಆಮೇಲೆ ಲೈಸೆನ್ಸಿನ ಕಾಗದಗಳನ್ನು ಎದೆಗವಚಿಕೊಂಡು ಬಸ್ಸಿನ ಪಕ್ಕ ಓಡತೊಡಗಿದ.

"ಎಷ್ಟೊತ್ಗೆ ಬರಾನ?"

"ಬೆಳಿಗ್ಗೇನೇ ಬನ್ನಿ" ಎಂದು ಅವಳು ಕೂಗಿ ಹೇಳಿದಳು.